ಟೀವಿಯ ಒಂಬತ್ತು, ಅಜ್ಜಿಯ ಎಂಟು

"ಹೆತ್ತ ಮಗೂಗೆ ಲಾಂದ್ರ ಅಂತ ಹೆಸರಿಟ್ಟೋಳು ನೀನು. ಈಗ ಒಂಬತ್ತಕ್ಕೆ ಸರಿಯಾಗಿ ಆರಿಹೋಗು ಅಂದ್ರೆ ಅದು ಹೆಂಗೆ ಆರತ್ತೆ?" ಜಗಲಿಯ ಮೇಲೆ ಕಾಲು ಮಡಿಸಿ ಕೂತು ಮೊಳಕೆಕಾಳಿನ ಬಾಲ ಚಿವುಟುತ್ತಿದ್ದ ಮನೆಯೊಡತಿ ಅಜ್ಜಿ ಕೇಳಿದಳು.

ಚೊರೊಂಗ್ ಅಂದರೆ ಲಾಂದ್ರವೇ. ನಿದ್ದೆಯ ಸುಳಿವಿಲ್ಲದೆ ಮಿನುಗುವ ಮಕ್ಕಳ ಕಣ್ಣಿಗೂ ಇಲ್ಲಿ ಸಿಯೋಲ್‌ನಲ್ಲಿ ಜನ ಅದೇ ಮಾತನ್ನು ಎರಡು ಸಲ ಸೇರಿಸಿ ಚೊರೊಂಗ್‌ಚೊರೊಂಗ್ ಅನ್ನುತ್ತಾರೆ. ಐದು ವರ್ಷದ ಹಿಂದೆ ಮಗಳಿಗೆ ಹೆಸರಿಡುವಾಗ ತಾಯಿ ಮಾಲ್ಸುಕ್‌ಗೆ ಅದು ಮುದ್ದಾಗಿ ಕೇಳಿಸಿತ್ತು. ಈಗ ಯಾರಾದರೂ ಆ ಹೆಸರು ಹಿಡಿದು ಕೂಗಿದರೆ ಸಾಕು, ತನ್ನನ್ನೇ ಅಣಕಿಸಿದಂತೆ ಅನಿಸುತ್ತಿತ್ತು.

"ನಗಬೇಡಿ ಅಜ್ಜೀ. ನಂಗೆ ಅಳು ಬರ್ತಾ ಇದೆ," ಎಂದಳು ಅವಳು, ಅಂಗಳದ ನಲ್ಲಿಯ ಕೆಳಗೆ ಮಗಳ ಕಾಲು ತೊಳೆಯುತ್ತ. ಮಗಳು ಮಾತ್ರ ನೀರನ್ನು ಚಿಮ್ಮಿಸಿ ಕಿಲಕಿಲ ನಗುತ್ತಿದ್ದಳು. ಬೆಟ್ಟದ ನೆತ್ತಿಯ ಆ ಮನೆಯ ಅಂಗಳದಲ್ಲಿ ಇನ್ನೂ ಹಳದಿ ಬಿಸಿಲು ಬಿದ್ದಿತ್ತು.

ತಪ್ಪೆಲ್ಲ ಗಡಿಯಾರದ್ದು. ಮೇ ತಿಂಗಳ ಒಂದು ಭಾನುವಾರ ಸರ್ಕಾರ ಇಡೀ ದೇಶದ ಗಡಿಯಾರಗಳನ್ನು ಒಂದು ಗಂಟೆ ಮುಂದಕ್ಕೆ ತಳ್ಳಿತ್ತು. ಹೋದ ವರ್ಷವೂ ತಳ್ಳಿತ್ತು. ಒಲಿಂಪಿಕ್ಸ್ ಬರುತ್ತಿದೆ, ಅಮೆರಿಕದವರು ತಮ್ಮ ಮನೆಯ ಸೋಫಾದ ಮೇಲೆ ಕೂತು ನೋಡುವ ಹೊತ್ತಿಗೆ ಸರಿಯಾಗಿ ಇಲ್ಲಿ ಓಟಗಾರರು ಓಡಬೇಕಂತೆ, ಅದಕ್ಕೇ ಈ ಕಿತಾಪತಿ ಎಂದು ಸಿಯೋಲ್‌ನ ಬಸ್ಸುಗಳಲ್ಲಿ ಜನ ಆಡಿಕೊಳ್ಳುತ್ತಿದ್ದರು. ನಿಜವೋ ಸುಳ್ಳೋ ಯಾರಿಗೆ ಗೊತ್ತು. ಆದರೆ ಆ ಕಾಗದಕ್ಕೆ ಸಹಿ ಹಾಕಿದ ದೊಡ್ಡವರ ಮನೆಯಲ್ಲಿ ಮಲಗಿಸಬೇಕಾದ ಮಕ್ಕಳಿರಲಿಲ್ಲ ಅನ್ನುವುದಂತೂ ಖಂಡಿತ. ಇದ್ದಿದ್ದರೆ ಮುಳ್ಳಿಗೆ ಕೈ ಹಾಕುವ ಮುಂಚೆ ಹತ್ತು ಸಲ ಯೋಚಿಸುತ್ತಿದ್ದರು.

ಹೋದ ವರ್ಷ ಇದರಿಂದ ಮಾಲ್ಸುಕ್‌ಗೆ ಯಾವ ತೊಂದರೆಯೂ ಆಗಿರಲಿಲ್ಲ. ಆಗ ಅವಳ ಗಂಡ ತೆಸಿಕ್ ಕಾರ್ಖಾನೆಗೆ ಹೋಗುತ್ತಿದ್ದ, ಇವಳು ಮನೆಯಲ್ಲಿರುತ್ತಿದ್ದಳು, ಮಗು ಯಾವಾಗ ಮಲಗಿದರೂ ನಡೆಯುತ್ತಿತ್ತು. ಚಳಿಗಾಲಕ್ಕೆ ಸ್ವಲ್ಪ ಮುಂಚೆ ಕಾರ್ಖಾನೆಯ ಯಂತ್ರ ಅವನ ಬಲಗೈಯ ಬೆರಳುಗಳನ್ನು ತೆಗೆದುಕೊಂಡಿತು. ಆಮೇಲೆ ಗಂಡ ಹೆಂಡತಿ ಸೇರಿ ಬೆಟ್ಟದ ಕೆಳಗಿನ ಕಾರ್ಖಾನೆ ರಸ್ತೆಯಲ್ಲಿ ಒಂದು ಗುಡಾರದ ಗಾಡಿ ಹಾಕಿದರು. ಕಿತ್ತಳೆ ಬಣ್ಣದ ಟಾರ್ಪಾಲು, ಒಳಗೊಂದು ಒಲೆ, ಎರಡು ಬೆಂಚು. ನೂಡಲ್ಸ್ ಸಾರು, ಸುಟ್ಟ ಹಾವುಮೀನು, ಸೋಜು ಸಾರಾಯಿ. ತೆಸಿಕ್ ಸಂಜೆಯೇ ಹೋಗಿ ಗಾಡಿ ನಿಲ್ಲಿಸಿ ಒಲೆ ಹಚ್ಚುತ್ತಿದ್ದ. ಆದರೆ ಒದ್ದಾಡುವ ಹಾವುಮೀನನ್ನು ಹಿಡಿದು ಸೀಳಲು ಎರಡು ಕೈ ಬೇಕು. ಸಂಜೆ ಪಾಳಿಯವರು ಹಸಿದುಕೊಂಡು ಗೇಟಿನಿಂದ ಹೊರಬರುವ ಹೊತ್ತಿಗೆ ಮಾಲ್ಸುಕ್ ಅಲ್ಲಿ ಚೂರಿ ಹಿಡಿದು ನಿಂತಿರಲೇಬೇಕು. ಇಲ್ಲದಿದ್ದರೆ ಅವರು ಪಕ್ಕದ ಗಾಡಿಗೆ ಹೋಗುತ್ತಾರೆ. ಒಮ್ಮೆ ಹೋದವರು ತಿರುಗಿ ಬರುವುದು ಕಷ್ಟ.

ಮಗುವನ್ನು ನೋಡಿಕೊಳ್ಳಲು ಮನೆಯೊಡತಿ ಅಜ್ಜಿ ಒಪ್ಪಿದ್ದು ಒಂದೇ ಷರತ್ತಿನ ಮೇಲೆ. "ಮಲಗಿರೋ ಮಗೂನ ನೋಡ್ಕೋತೀನಿ. ಎದ್ದಿರೋ ಮಗು ನನ್ನ ಕೈಲಿ ಆಗಲ್ಲ. ನನ್ನ ಪಾಲಿನ ಅಳು ಎಲ್ಲಾ ನಾನು ಕೇಳಿ ಮುಗಿಸಿದೀನಿ ಕಣಮ್ಮ." ಅಜ್ಜಿ ಹಾಗೆ ಹೇಳಲು ಕಾರಣವಿತ್ತು. ಗಾಡಿ ಹಾಕಿದ ಮೊದಲ ದಿನ ಮಾಲ್ಸುಕ್ ಮಗಳ ಎದುರಿಗೇ ಹೊರಟಿದ್ದಳು. ಚೊರೊಂಗ್ ಅವಳ ಲಂಗ ಹಿಡಿದು ಜೋತುಬಿದ್ದು, ಓಣಿಯವರೆಲ್ಲ ಬಾಗಿಲಿಗೆ ಬಂದು ನೋಡುವಂತೆ ಊರು ಒಂದು ಮಾಡಿದ್ದಳು.

ಅಂದಿನಿಂದ ಮಾಲ್ಸುಕ್ ಬೇರೆ ಉಪಾಯ ಹಿಡಿದಳು. ದೀಪ ಆರಿಸಿ ಮಗಳ ಪಕ್ಕ ಒರಗುವುದು, ಹೊಟ್ಟೆ ತಟ್ಟುವುದು, ಉಸಿರು ನಿಧಾನವಾದ ಮೇಲೆ ಬೆಕ್ಕಿನ ಹೆಜ್ಜೆಯಲ್ಲಿ ಎದ್ದು ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಹೊರಬೀಳುವುದು. ಚಳಿಗಾಲದಲ್ಲಿ ಕತ್ತಲೆ ಬೇಗ ಬರುತ್ತಿತ್ತು, ಮಗಳು ದಿಂಬಿಗೆ ತಲೆ ತಾಗಿಸಿದ ಕೂಡಲೇ ನಿದ್ದೆ ಹೋಗುತ್ತಿದ್ದಳು. ಬೆಳಗ್ಗೆ ಅವಳು ಕಣ್ಣು ಬಿಡುವಾಗ ಅಮ್ಮ ಪಕ್ಕದಲ್ಲೇ ಇರುತ್ತಿದ್ದಳು. ರಾತ್ರಿಯೆಲ್ಲ ಅಮ್ಮ ಅಲ್ಲಿಯೇ ಇದ್ದಳು ಎಂದು ಮಗು ನಂಬಿದೆ ಅಂತ ಮಾಲ್ಸುಕ್ ನಂಬಿದ್ದಳು. "ನನ್ನ ಮಗಳು ಬಂಗಾರ. ಮಲಗು ಅಂದ್ರೆ ಮಲಗ್ತಾಳೆ," ಎಂದು ಸಂತೆಯಲ್ಲಿ ಮೀನಿನವಳ ಹತ್ತಿರ ಕೊಚ್ಚಿಕೊಂಡದ್ದೂ ಉಂಟು.

ಗಡಿಯಾರ ತಿರುಗಿದ ದಿನವೇ ಬಂಗಾರ ಹಿತ್ತಾಳೆಯಾಯಿತು. ಕಾರ್ಖಾನೆಯ ಸೈರನ್ನು ಹೊಸ ಹೊತ್ತಿಗೆ ಕೂಗತೊಡಗಿತು, ಬಸ್ಸು ಹೊಸ ಹೊತ್ತಿಗೆ ಬರತೊಡಗಿತು, ಗಿರಾಕಿಗಳ ಹೊಟ್ಟೆ ಸಹ ಹೊಸ ಹೊತ್ತಿಗೆ ಹಸಿಯತೊಡಗಿತು. ಸೂರ್ಯನೂ ಚೊರೊಂಗೂ ಮಾತ್ರ ಸರ್ಕಾರದ ಮಾತಿಗೆ ಸೊಪ್ಪು ಹಾಕಲಿಲ್ಲ. ಜೂನ್ ಹೊತ್ತಿಗಂತೂ ಒಂಬತ್ತಾದರೂ ಆಕಾಶ ಬೆಳ್ಳಗೇ ಇರುತ್ತಿತ್ತು, ಪಶ್ಚಿಮದ ಕಿಟಕಿಯಿಂದ ಬೆಳಕು ನೇರವಾಗಿ ಹಾಸಿಗೆಯ ಮೇಲೆ ಬೀಳುತ್ತಿತ್ತು.

ಮಾಲ್ಸುಕ್ ಮಾಡದ ಉಪಾಯವಿಲ್ಲ. ಮಧ್ಯಾಹ್ನ ಸಾರ್ವಜನಿಕ ಸ್ನಾನದ ಮನೆಗೆ ಕರೆದೊಯ್ದು ಚರ್ಮ ಕೆಂಪಾಗುವಂತೆ ಉಜ್ಜಿ ದಣಿಸಿದಳು. ಮರುದಿನ ಬೆಟ್ಟದ ಮೆಟ್ಟಿಲುಗಳನ್ನು ಹತ್ತಿಸಿ ಇಳಿಸಿದಳು. ಸುಸ್ತಾಗಿ ಗೋಡೆಗೊರಗಿ ತೂಕಡಿಸಿದವಳು ತಾನೇ. ಚಳಿಗಾಲದ ದಪ್ಪ ರಜಾಯಿಯನ್ನು ಕಿಟಕಿಗೆ ಮೊಳೆ ಹೊಡೆದು ನೇತುಹಾಕಿದಳು. ಕೋಣೆಯೇನೋ ಕತ್ತಲಾಯಿತು, ಆದರೆ ಬೇಯತೊಡಗಿತು, ಮಗು ಬೆವರಿನಲ್ಲಿ ತೊಯ್ದುಹೋಯಿತು. ಫ್ಯಾನು ಹಾಕಲು ಕೈ ಚಾಚಿದವಳು ಹಾವು ತುಳಿದಂತೆ ಹಿಂದೆಗೆದಳು. ಮುಚ್ಚಿದ ಕೋಣೆಯಲ್ಲಿ ಫ್ಯಾನು ತಿರುಗಿಸಿ ಮಲಗಿದವರು ಬೆಳಗ್ಗೆ ಏಳುವುದಿಲ್ಲ ಎಂದು ನಂಬದ ತಾಯಿ ಇಡೀ ಸಿಯೋಲ್‌ನಲ್ಲಿ ಒಬ್ಬಳಾದರೂ ಇದ್ದಾಳೆಯೇ? ರಜಾಯಿಯನ್ನು ಕಿತ್ತು ಮಡಿಸಿಟ್ಟಳು. ಬೆಳಕು ಮತ್ತೆ ಬಂದು ಹಾಸಿಗೆಯ ಮೇಲೆ ಕೂತಿತು.

ಹೀಗೆ ದಿನಾ ತಡ. ಗಾಡಿಯ ಹತ್ತಿರ ಅವಳು ಓಡಿ ಬರುವಷ್ಟರಲ್ಲಿ ಬೆಂಚು ಅರ್ಧ ಖಾಲಿಯಾಗಿರುತ್ತಿತ್ತು. ತೆಸಿಕ್ ಬೈಯುವವನಲ್ಲ, ಬೈದಿದ್ದರೆ ಅವಳಿಗೆ ಹಗುರವಾಗುತ್ತಿತ್ತು. ನಿನ್ನೆ ಬೆಳಗಿನ ಜಾವ ಅಂಗಳದ ನಲ್ಲಿಯ ಹತ್ತಿರ ಪಾತ್ರೆ ತಿಕ್ಕುತ್ತ, ಅವಳ ಮುಖ ನೋಡದೆ ಹೇಳಿದ್ದ.

"ಅಕ್ಕನಿಗೆ ಫೋನ್ ಮಾಡಿದ್ದೆ. ಭಾನುವಾರ ಬರ್ತಾಳಂತೆ. ಚೊರೊಂಗ್ ಅವಳ ಜತೆ ಹಳ್ಳೀಲಿ ಇರಲಿ."

"ಎಷ್ಟು ದಿನ?"

"ಗಡಿಯಾರ ಮೊದಲಿನ ಹಾಗೆ ಆಗೋ ತನಕ. ಅಕ್ಟೋಬರ್."

"ರೀ, ಐದು ವರ್ಷದ ಕೂಸು ರೀ ಅದು!"

"ಮತ್ತೇನ್ ಮಾಡೋಣ ಹೇಳು. ಇನ್ನೊಂದು ಕೈ ನಂಗೆ ಬೆಳೆಯುತ್ತಾ?"

 ಇವತ್ತು ಶುಕ್ರವಾರ. ಇವತ್ತೂ ನಾಳೆಯೂ ಮಗು ಹೊತ್ತಿಗೆ ಸರಿಯಾಗಿ ಮಲಗಿಬಿಟ್ಟರೆ, ನೋಡಿ, ಅಭ್ಯಾಸವಾಯಿತು, ಅಕ್ಕನಿಗೆ ಬರಬೇಡ ಅನ್ನಿ ಎಂದು ಗಂಡನಿಗೆ ಹೇಳಬಹುದು. ಅದೊಂದೇ ಆಸೆ ಹಿಡಿದುಕೊಂಡು ಅವಳು ಮಗಳ ಕಾಲು ಒರೆಸಿ ಎತ್ತಿಕೊಂಡು ಒಳಗೆ ಹೋದಳು. ಮೈಮೇಲೆ ಇರುವೆ ಹರಿದಾಡಿದಂತೆ ಅವಳಿಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ.

ಹಾಸಿಗೆ ಹಾಸುವಷ್ಟರಲ್ಲಿ ಅಜ್ಜಿಯ ಕೋಣೆಯಿಂದ ಟೀವಿಯ ಆ ಹಾಡಿನ ರಾಗ ಕೇಳಿಸಿತು. ವಾರ್ತೆಗೆ ಮುಂಚೆ ದಿನಾ ಬರುವ ಹೆಂಗಸಿನ ಸಿಹಿ ದನಿ, ಮಕ್ಕಳೇ, ನೀವೀಗ ಮಲಗುವ ಹೊತ್ತಾಯಿತು ಎಂದಿತು. ಅದರ ಬೆನ್ನಿಗೇ ಅಜ್ಜಿಯ ಗೋಡೆ ಗಡಿಯಾರ ಢಣ್ ಢಣ್ ಎಂದು ಹೊಡೆಯಿತು. ಗಂಡ ಬಿಟ್ಟುಹೋದ ಆ ಲೋಲಕದ ಗಡಿಯಾರದ ಮುಳ್ಳನ್ನು ಮುಟ್ಟಲು ಅಜ್ಜಿ ಯಾರನ್ನೂ ಬಿಟ್ಟಿರಲಿಲ್ಲ. ಸತ್ತ ಮುದುಕನ ಗಡಿಯಾರಕ್ಕೆ ಸರ್ಕಾರದ ಆಣತಿ ಏನಿದ್ದೀತು?

ಚೊರೊಂಗ್ ಬೆರಳು ಮಡಿಸಿ ಎಣಿಸಿದಳು. "ಎಂಟು! ಅಮ್ಮಾ, ಎಂಟೇ ಹೊಡೀತು!"

"ಟೀವಿ ಒಂಬತ್ತು ಅಂತು, ಕೇಳಿಸ್ಲಿಲ್ವಾ?"

"ಟೀವಿ ಆಂಟಿ ಕಿಟಕಿ ನೋಡೇ ಇಲ್ಲ. ಹೊರಗಡೆ ಇನ್ನೂ ಗುಬ್ಬಿ ಕೂಗ್ತಿದೆ."

"ಗುಬ್ಬಿಗೆ ಬುದ್ಧಿ ಇಲ್ಲ. ಮಲಕ್ಕೋ."

"ಗುಬ್ಬೀನ ಯಾರೂ ಅತ್ತೆ ಮನೆಗೆ ಕಳಿಸಲ್ವಾ?"

ಮಾಲ್ಸುಕ್‌ಳ ಕೈ ಹೊದಿಕೆಯ ಮೇಲೆ ಹಾಗೆಯೇ ನಿಂತಿತು. ಬೆಳಗಿನ ಜಾವದ ಮಾತು ಇವಳ ಕಿವಿಗೆ ಹೇಗೆ ಬಿತ್ತು? ಗೋಡೆಗೂ ಕಿವಿಯಿದೆ ಅನ್ನುತ್ತಾರೆ, ಆದರೆ ನಿದ್ದೆಹೋದ ಮಗುವಿಗೆ ಇರುತ್ತದೆಂದು ಅವಳು ಎಣಿಸಿರಲಿಲ್ಲ. ಬಾಯಿಗೆ ಬಂದ ಸುಳ್ಳನ್ನು ನುಂಗಿಕೊಂಡು, "ಸುಮ್ನೆ ಕಣ್ಣು ಮುಚ್ಚು," ಎಂದಷ್ಟೇ ಹೇಳಿ ಪಕ್ಕದಲ್ಲಿ ಒರಗಿದಳು.

ಚೊರೊಂಗ್ ಕಣ್ಣು ಮುಚ್ಚಿದಳು. ಎಷ್ಟು ಬಿಗಿಯಾಗಿ ಅಂದರೆ ಹಣೆಯವರೆಗೂ ಸುಕ್ಕು ಬಿತ್ತು. ಮಾಲ್ಸುಕ್ ಹೊಟ್ಟೆ ತಟ್ಟಿದಳು. ತಟ್ಟುತ್ತ ತಟ್ಟುತ್ತ ಅವಳ ಕೈ ತಾನಾಗಿ ಜೋರಾಯಿತು. ಒಲೆಯ ಮೇಲೆ ಸಾರು ಕುದಿಯುತ್ತಿರುತ್ತದೆ, ಗಂಡ ರಸ್ತೆಯ ಕಡೆ ನೋಡುತ್ತಿರುತ್ತಾನೆ, ಬಕೆಟ್ಟಿನಲ್ಲಿ ಹಾವುಮೀನು ಸುತ್ತು ಹಾಕುತ್ತಿರುತ್ತದೆ. ಮಗಳ ಉಸಿರು ನಿಧಾನವಾಯಿತು. ಮಾಲ್ಸುಕ್ ಮೊಣಕೈಯೂರಿ ಎದ್ದು ಮುಖ ನೋಡಿದಳು. ರೆಪ್ಪೆಗಳು ಪಟಪಟನೆ ಅದುರುತ್ತಿದ್ದವು. ಅವುಗಳ ಸಂದಿನಿಂದ ಕಪ್ಪು ಗುಡ್ಡೆ ಅವಳನ್ನೇ ನೋಡುತ್ತಿತ್ತು.

"ಮತ್ತೆ ಕಣ್ಣು ಬಿಟ್ಟೆಯಲ್ಲೇ!"

"ಇಲ್ಲ, ಮುಚ್ಚಿದೀನಿ."

"ನಂಗೆ ಕಾಣ್ಸಲ್ವಾ? ಅಮ್ಮನ್ನ ಗೋಳು ಹುಯ್ಕೊಳೋದು ಅಂದ್ರೆ ನಿಂಗೆ ಆಟ ಆಗ್ಬಿಟ್ಟಿದೆ ಅಲ್ವಾ? ಮುಚ್ಚು ಅಂದ್ರೆ ಮುಚ್ಚು!"

ಸಿಟ್ಟಿನಲ್ಲಿ ಅವಳು ಅಂಗೈಯನ್ನು ಮಗಳ ಕಣ್ಣುಗಳ ಮೇಲೆ ಒತ್ತಿಯೇಬಿಟ್ಟಳು. ಒತ್ತಿದ ಮೇಲೆ ತನ್ನ ಒರಟುತನ ತನಗೇ ತಿಳಿದು ಹೇಸಿಗೆಯಾಯಿತು. ರೆಪ್ಪೆಗಳು ಅಂಗೈಗೆ ಸಿಕ್ಕಿಬಿದ್ದ ಪತಂಗದಂತೆ ಬಡಿದುಕೊಳ್ಳುತ್ತಿದ್ದವು. ಮಗು ಈಗ ಚೀರುತ್ತದೆ, ಓಣಿಯೆಲ್ಲ ಸೇರುತ್ತದೆ ಅಂದುಕೊಂಡು ಕೈ ತೆಗೆಯಹೋದಳು. ಚೊರೊಂಗ್ ತನ್ನ ಎರಡೂ ಪುಟ್ಟ ಕೈಗಳಿಂದ ಆ ಕೈಯನ್ನು ಅಲ್ಲಿಯೇ ಹಿಡಿದುಕೊಂಡಳು.

"ತೆಗೀಬೇಡ ಅಮ್ಮಾ. ಹಿಂಗೇ ಇಟ್ಕೋ. ಕತ್ಲೆ ಆಗತ್ತೆ. ಕತ್ಲೆ ಇದ್ರೆ ನಂಗೆ ಬರತ್ತೆ."

"ಏನು ಬರತ್ತೆ? ನಿದ್ದೆನಾ?"

"ನಿದ್ದೆ ಅಲ್ಲ. ನಿದ್ದೆ ಬಂದಂಗೆ ಮಾಡೋದು."

ಮಾಲ್ಸುಕ್‌ಗೆ ಮೊದಲು ಅರ್ಥವಾಗಲಿಲ್ಲ. "ಏನಂದೆ?"

"ಚಳಿಗಾಲದಲ್ಲಿ ಚೆನ್ನಾಗಿ ಮಾಡ್ತಿದ್ದೆ. ಆಗ ನಿಂಗೆ ನನ್ನ ಕಣ್ಣು ಕಾಣಿಸ್ತಿರ್ಲಿಲ್ಲ. ಈಗ ಬೆಳಕು ಇರತ್ತಲ್ಲಾ, ಅಲ್ಲಾಡಿದ್ರೆ ನಿಂಗೆ ಗೊತ್ತಾಗಿಬಿಡತ್ತೆ." ಮಗು ಅಂಗೈಯ ಕೆಳಗಿನಿಂದಲೇ, ತಪ್ಪು ಒಪ್ಪಿಕೊಳ್ಳುವವರ ದನಿಯಲ್ಲಿ ಹೇಳುತ್ತಿತ್ತು. "ನಾನು ಕಣ್ಣು ಬಿಟ್ಟಿದ್ರೆ ನೀನು ಹೋಗಲ್ಲ. ನೀನು ಹೋಗ್ದಿದ್ರೆ ಅಪ್ಪಂಗೆ ಮೀನು ಹೆಚ್ಚೋಕೆ ಬರಲ್ಲ. ನಾಳೆ ಇನ್ನೂ ಚೆನ್ನಾಗಿ ಮಾಡ್ತೀನಿ ಅಮ್ಮಾ. ಅಲ್ಲಾಡಿಸಲ್ಲ. ನನ್ನ ಅತ್ತೆ ಮನೆಗೆ ಕಳಿಸ್ಬೇಡ."

 ಇಡೀ ಚಳಿಗಾಲ ಮಾಲ್ಸುಕ್ ಚಪ್ಪಲಿಯನ್ನು ಕೈಯಲ್ಲಿ ಹಿಡಿದು, ಉಸಿರು ಬಿಗಿಹಿಡಿದು, ಗೆದ್ದೆ ಅಂದುಕೊಂಡು ಹೊರಬಿದ್ದಿದ್ದಳು. ಆ ಒಂದೊಂದು ರಾತ್ರಿಯೂ ಹಾಸಿಗೆಯಲ್ಲಿ ಈ ಕೂಸು ಅವಳಿಗಿಂತ ಬಿಗಿಯಾಗಿ ಉಸಿರು ಹಿಡಿದು, ಅವಳ ಹೆಜ್ಜೆ ಕೇಳಿಸಿಕೊಳ್ಳುತ್ತ ಮಲಗಿತ್ತು. ಮಲಗಿಸುತ್ತಿದ್ದವಳು ಅಮ್ಮನಲ್ಲ; ಮಗಳೇ ಅಮ್ಮನನ್ನು ಸಮಾಧಾನ ಮಾಡಿ ಕಳಿಸುತ್ತಿದ್ದಳು. ನಾಚಿಕೆಯಿಂದ ಮಾಲ್ಸುಕ್‌ಳ ಮುಖ ಕಿವಿಯವರೆಗೂ ಬಿಸಿಯಾಯಿತು.

"ನಾನು ಹೋದ ಮೇಲೆ..." ಎಂದು ಕೈಯನ್ನು ಮೆಲ್ಲಗೆ ಮಗಳ ಕಣ್ಣಿನಿಂದ ತೆಗೆದಳು. "ನಾನು ಹೋದ ಮೇಲೆ ಒಬ್ಬಳೇ ಏನ್ ಮಾಡ್ತಿದ್ದೆ?"

ಉತ್ತರ ಕೊಟ್ಟದ್ದು ಮಗುವಲ್ಲ, ಬಾಗಿಲು. ಅಂದರೆ ಬಾಗಿಲಲ್ಲಿ ಮೊಳಕೆಕಾಳಿನ ಬುಟ್ಟಿ ಹಿಡಿದು ನಿಂತಿದ್ದ ಅಜ್ಜಿ.

"ಏನ್ ಮಾಡ್ತಾಳೆ, ನಿನ್ನ ಚಪ್ಪಲಿ ಮೆಟ್ಟಿಲಿಗೆ ಬಿದ್ದ ಸದ್ದು ಕೇಳಿದ ತಕ್ಷಣ ಎದ್ದು ಬರ್ತಾಳೆ. ಅಂಗಳದ ಮೋಟುಗೋಡೆ ಹತ್ರ ನಿಂತು ನೀನು ದೀಪದ ಕಂಬ ದಾಟೋದನ್ನ ನೋಡ್ತಾಳೆ. ಆಮೇಲೆ ಬಂದು ನನ್ನ ಹೊದಿಕೆಯೊಳಗೆ ತೂರ್ಕೊಂಡು ವಾರ್ತೆ ನೋಡ್ತಾಳೆ. ಹವಾಮಾನ ಬರೋ ಹೊತ್ತಿಗೆ ಗೊರಕೆ. ಎತ್ಕೊಂಡು ಬಂದು ಇಲ್ಲಿ ಮಲಗ್ಸೋಳು ನಾನು. ಸೊಂಟ ಹೋಯ್ತು ನಂದು."

"ಅಜ್ಜೀ! ಹೇಳಲ್ಲ ಅಂದಿದ್ರಿ!" ಚೊರೊಂಗ್ ಎದ್ದು ಕೂತು ಕೂಗಿದಳು.

"ಅತ್ತೆ ಮನೆ ಪಾಲಾಗ್ತೀಯ ಅಂತ ನಂಗೆಲ್ಲಿ ಗೊತ್ತಿತ್ತು? ಗೊತ್ತಿದ್ರೆ ಯಾವತ್ತೋ ಬಾಯಿ ಬಿಡ್ತಿದ್ದೆ." ಅಜ್ಜಿ ಮಾಲ್ಸುಕ್ ಕಡೆ ತಿರುಗಿದಳು. "ಬೆಕ್ಕು ಕಣ್ಣು ಮುಚ್ಕೊಂಡು ಹಾಲು ಕುಡಿಯತ್ತಂತೆ. ನೀನು ಅದಕ್ಕಿಂತ ಜಾಣೆ, ಮಗೂ ಕಣ್ಣು ಮುಚ್ಚಿಸಿ ಕುಡಿಯೋಕೆ ಹೊರಟೆ."

"ಎದ್ದಿರೋ ಮಗು ಆಗಲ್ಲ ಅಂತ ನೀವೇ ಅಲ್ವಾ ಅಜ್ಜೀ ಹೇಳಿದ್ದು!"

"ಅಳೋ ಮಗು ಆಗಲ್ಲ ಅಂದೆ. ಇದು ಎಲ್ಲಿ ಅಳತ್ತೆ? ಇದು ಅತ್ತಿದ್ದು ಮೊದಲ್ನೇ ದಿನ ಒಂದೇ. ಆಮೇಲಿಂದ ಅತ್ತಿದ್ದನ್ನ ನೀನು ನೋಡಿದೀಯಾ?"

ನೋಡಿರಲಿಲ್ಲ. ಬಂಗಾರ ಎಂದು ಮೀನಿನವಳ ಮುಂದೆ ಹೇಳಿದ್ದು ನೆನಪಾಗಿ ಮಾಲ್ಸುಕ್ ತಲೆ ತಗ್ಗಿಸಿದಳು. ಮಗಳನ್ನು ಎಳೆದು ತೊಡೆಯ ಮೇಲೆ ಕೂರಿಸಿಕೊಂಡಳು. ಒಂದು ಮಾತನ್ನು ಅವಳು ಇಷ್ಟು ತಿಂಗಳಲ್ಲಿ ಒಮ್ಮೆಯೂ ಮಗಳಿಗೆ ಹೇಳಿರಲಿಲ್ಲ. ಈಗ ಹೇಳುವಾಗ ನಾಲಗೆ ತೊದಲಿತು.

"ಚೊರೊಂಗ್, ಅಮ್ಮ ಗಾಡಿ ಹತ್ರ ಹೋಗಿಬರ್ತೀನಿ."

"ಗೊತ್ತು."

"ನೀನು ಎಲ್ಲಿಗೂ ಹೋಗಲ್ಲ. ಅತ್ತೆ ಬಂದ್ರೆ ಊಟ ಹಾಕಿ ಕಳಿಸೋಣ. ಅಪ್ಪನಿಗೆ ನಾನು ಹೇಳ್ತೀನಿ."

"ನಿದ್ದೆ ಬರ್ದಿದ್ರೂ?"

"ಬರ್ದಿದ್ರೂ."

ಚೊರೊಂಗ್ ಸ್ವಲ್ಪ ಹೊತ್ತು ಅಮ್ಮನ ಮುಖವನ್ನೇ ನೋಡಿದಳು, ಇದರಲ್ಲಿ ಏನಾದರೂ ಮೋಸವಿದೆಯೇ ಎಂದು ಹುಡುಕುವವಳಂತೆ. ಆಮೇಲೆ, "ಬೇಗ ಹೋಗು, ಮೀನು ಬಕೆಟ್ಟಿಂದ ಹಾರಿಬಿಡತ್ತೆ," ಎಂದಳು.

ಅಂದು ಚಪ್ಪಲಿ ಮಾಲ್ಸುಕ್‌ಳ ಕೈಯಲ್ಲಿರಲಿಲ್ಲ, ಕಾಲಲ್ಲಿತ್ತು. ಟಪಟಪ ಸದ್ದು ಮಾಡುತ್ತ ಅವಳು ಮೆಟ್ಟಿಲಿಳಿದಳು. ಆದರೂ ಮೈಯ ಚಡಪಡಿಕೆ ಹೋಗಿರಲಿಲ್ಲ. ಬಸ್ಸು ತಪ್ಪುತ್ತದೋ ಏನೋ, ಗಂಡ ಈ ಮಾತಿಗೆ ಏನನ್ನುತ್ತಾನೋ, ತನ್ನ ಬೆನ್ನ ಹಿಂದೆ ಮಗು ಈಗಲಾದರೂ ಅತ್ತುಬಿಟ್ಟರೆ ಹೇಗೋ. ಇಷ್ಟು ತಿಂಗಳಲ್ಲಿ ಆ ಮೆಟ್ಟಿಲುಗಳ ಮೇಲೆ ಅವಳು ಒಮ್ಮೆಯೂ ಹಿಂತಿರುಗಿ ನೋಡಿರಲಿಲ್ಲ. ನೋಡಿದರೆ ಹೋಗಲಾಗುವುದಿಲ್ಲ ಎಂಬ ಹೆದರಿಕೆ. ಕೆಳಗೆ ಬಸ್ಸು ಬಂದು ನಿಂತ ಸದ್ದು ಕೇಳಿಸಿತು. ದೀಪದ ಕಂಬದ ಹತ್ತಿರ ಅವಳು ನಿಂತು, ತಿರುಗಿದಳು.

ಆಕಾಶದಲ್ಲಿ ಇನ್ನೂ ಬೆಳಕಿತ್ತು. ಮೋಟುಗೋಡೆಯ ಮೇಲೆ ಚೊರೊಂಗ್ ನಿಂತಿದ್ದಳು, ಅಜ್ಜಿ ಅವಳ ಸೊಂಟ ಹಿಡಿದುಕೊಂಡಿದ್ದಳು. ಅಮ್ಮ ತನ್ನ ಕಡೆ ತಿರುಗಿದ್ದೇ ತಡ, ಮಗು ನಿಂತಲ್ಲೇ ಎರಡೂ ಕಣ್ಣುಗಳನ್ನು ಬಿಗಿಯಾಗಿ ಮುಚ್ಚಿಕೊಂಡಿತು. ಮುಖವನ್ನೆಲ್ಲ ಕಿವುಚಿ, ತುಟಿ ಕಚ್ಚಿ, ರೆಪ್ಪೆ ಒಂದಿಷ್ಟೂ ಅಲ್ಲಾಡದಂತೆ ಉಸಿರು ಕಟ್ಟಿ ನಿಂತುಕೊಂಡಿತು.

"ಕಣ್ಣು ಬಿಡೇ!" ಮಾಲ್ಸುಕ್ ಓಣಿಯೆಲ್ಲ ಕೇಳುವಂತೆ ಕೂಗಿದಳು. ಎರಡು ಮನೆಯ ಬಾಗಿಲು ತೆರೆದುಕೊಂಡವು. ಕೆಳಗೆ ಬಸ್ಸು ಹೊರಟುಹೋದ ಸದ್ದಾಯಿತು, ಹೋಗಲಿ ಅಂದುಕೊಂಡಳು. "ಚೊರೊಂಗ್, ಕಣ್ಣು ಬಿಡೇ! ನೋಡು, ಅಮ್ಮ ಹೋಗ್ತಿದಾಳೆ!"

ಮಗು ಮೊದಲು ಒಂದು ಕಣ್ಣು ಬಿಟ್ಟಿತು. ಅಮ್ಮ ಇನ್ನೂ ಅಲ್ಲೇ ನಿಂತಿದ್ದಾಳೆಂದು ಕಂಡು, ಇನ್ನೊಂದನ್ನೂ ಬಿಟ್ಟಿತು. ಆಗ ಮಾಲ್ಸುಕ್ ಕೈ ಎತ್ತಿ ಬೀಸಿದಳು, ಆಮೇಲೆ ಮಗಳ ಕಡೆಗೇ ಮುಖ ಮಾಡಿಕೊಂಡು, ಒಂದೊಂದೇ ಮೆಟ್ಟಿಲನ್ನು ಕಾಲಿನಿಂದ ತಡಕಿಕೊಂಡು ಹಿಂದು ಹಿಂದಕ್ಕೆ ಇಳಿಯತೊಡಗಿದಳು.